ಗಾಡಿಯ ಒಂಟಿ ಸೀನು

ಗುಂಡ್ಲುಪೇಟೆಯ ನಮ್ಮ ಮನೆಯಲ್ಲಿ ಹೊಸಿಲು ದಾಟಿದ ಕೂಡಲೇ ಎಡಗಡೆಗೆ ಎತ್ತು ಕಟ್ಟುವ ಜಾಗವಿತ್ತು. ಹಜಾರಕ್ಕಿಂತ ಒಂದು ಮೆಟ್ಟಿಲು ತಗ್ಗು, ಕಲ್ಲುಹಾಸಿನ ನೆಲ, ಗೋಡೆಗೆ ಒರಗಿದಂತೆ ಮೇವು ಹಾಕುವ ಮರದ ಗೊಂತು. ಅಪ್ಪ ಹೊಲವನ್ನು ಗುತ್ತಿಗೆಗೆ ಕೊಟ್ಟು ಬೀದಿ ಕಡೆಯ ಕೋಣೆಯಲ್ಲಿ ಎಣ್ಣೆ ಅಂಗಡಿ ಇಟ್ಟ ಮೇಲೆ ಎತ್ತುಗಳು ಹೋದವು. ಆ ಜಾಗಕ್ಕೆ ಮೋಟಾರ್ ಸೈಕಲ್ಲು ಬಂತು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬೇಡವೆಂದು ಹರಾಜಿಗೆ ಹಾಕಿದ ಗಾಡಿ ಅದು. ಎಷ್ಟೋ ಕೈ ದಾಟಿ, ಮಾಸಿದ ಹಸಿರು ಬಣ್ಣ ಹೊತ್ತು, ಪಕ್ಕಕ್ಕೆ ದೋಣಿಯಂಥ ಒಂದು ಸೈಡ್ ಕಾರು ಕಟ್ಟಿಕೊಂಡು ಬಂದಿತ್ತು. ಅಜ್ಜಿ, ಎಂದರೆ ಅಪ್ಪನ ತಾಯಿ, ಅದನ್ನು ಸುತ್ತಿ ಸುತ್ತಿ ನೋಡಿದಳು. ಗೊಂತಿನ ಮುಂದೆ ನಿಂತದ್ದು ಯಾವುದಾದರೂ ಸರಿ, ಅದು ಬಸವನೇ ಎಂದು ತೀರ್ಮಾನಿಸಿದಳು. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಹಾಗಾಗಿ ಸೋಮವಾರ ಗಾಡಿಗೂ ರಜೆ. ಅಪ್ಪ ಏನು ಹೇಳಿದರೂ ಅಜ್ಜಿ ಕೇಳಲಿಲ್ಲ. ಆ ದಿನ ಬೆಳಿಗ್ಗೆ ಮಡಿಯುಟ್ಟು, ಗಾಡಿಯ ಮೈಯೊರೆಸಿ, ಅದರ ಹಣೆಗೆ ಮೂರು ಬೆರಳಲ್ಲಿ ವಿಭೂತಿ ಎಳೆಯುತ್ತಿದ್ದಳು. ಮೋಟಾರ್ ಸೈಕಲ್ಲಿಗೆ ಹಣೆ ಎಲ್ಲಿ? ಎಲ್ಲಕ್ಕಿಂತ ಮೇಲಿರುವುದು, ದುಂಡಗಿರುವುದು, ಹೊಳೆಯುವುದು: ಪೆಟ್ರೋಲ್ ಟ್ಯಾಂಕಿನ ಮುಚ್ಚಳ. ಎಣ್ಣೆ ಹತ್ತಿದ ಲೋಹಕ್ಕೆ ವಿಭೂತಿ ನಿಲ್ಲುವುದಿಲ್ಲವೆಂದು ಅದನ್ನು ಅನ್ನದ ಗಂಜಿಯಲ್ಲಿ ಕಲಸಿ ಹಚ್ಚುತ್ತಿದ್ದಳು. ಒಂದು ವಾರದ ಪಟ್ಟೆಯ ಮೇಲೆ ಇನ್ನೊಂದು ವಾರದ ಪಟ್ಟೆ. ಒಣಗಿ ಗಾರೆಯಂತೆ ಗಟ್ಟಿಯಾದ ಆ ವಿಭೂತಿಯನ್ನು ಕೆರೆಯುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಆ ಸೈಡ್ ಕಾರು ನಮ್ಮವ್ವನ ಪಾಲಿಗೆ ಎಂಥದಾಗಿತ್ತು ಎಂದು ಹೇಳದೆ ಮುಂದಕ್ಕೆ ಹೋದರೆ ಈ ಕಥೆ ನಿಮಗೆ ಅರ್ಥವಾಗದು. ಅವ್ವನ ತವರು ಉಡಿಗಾಲ, ತೆರಕಣಾಂಬಿ ದಾಟಿ ಚಾಮರಾಜನಗರದ ದಾರಿಯಲ್ಲಿ. ಅಲ್ಲಿ ಅವಳ ತಾಯಿ ಒಂದು ಕಡೆಯ ಕೈಕಾಲು ಬಿದ್ದುಹೋಗಿ ಮಲಗಿದಲ್ಲೇ ಮಲಗಿದ್ದರು. ಮನೆಯ ಸೊಸೆ ಒಬ್ಬಳೇ ಬಸ್ಸು ಹತ್ತುವುದು ಅಜ್ಜಿಯ ಲೆಕ್ಕದಲ್ಲಿ ಆಗದ ಮಾತು. ಅಪ್ಪ ಜೊತೆಗೆ ಬಸ್ಸಲ್ಲಿ ಹೋಗಿ ಬಂದರೆ ಅಂಗಡಿ ಇಡೀ ದಿನ ಮುಚ್ಚಬೇಕು, ಅದೂ ಆಗದ ಮಾತು. ಗಾಡಿ ಬರುವ ಮುಂಚೆ ಅವ್ವ ತವರು ಕಂಡದ್ದು ಹಬ್ಬಕ್ಕೋ ಸಾವಿಗೋ ಮಾತ್ರ. ಗಾಡಿ ಬಂದ ಮೇಲೆ, ಬುಧವಾರ ಮುದ್ದೆ ಸಾರು ಬೇಗ ಮುಗಿಸಿ, ನಾನು ಅವ್ವ ಇಬ್ಬರೂ ದೋಣಿಯೊಳಗೆ ಕೂತು, ಅಂಗಡಿಗೆ ಅರ್ಧ ದಿನ ಬೀಗ ಹಾಕಿ ಹೋಗಿ ಬರುವ ಪದ್ಧತಿ ಶುರುವಾಯಿತು. ಮಂಗಳವಾರ ಹೆಣ್ಣನ್ನು ಹೊಸಿಲು ದಾಟಿಸುವಂತಿಲ್ಲ, ಅದಕ್ಕೆ ಬುಧವಾರ. ಹಿಂದಿನ ಸಂಜೆಯೇ ಅವ್ವ ಹುರಿಗಡಲೆ ಬೀಸಿ, ಬೆಲ್ಲ ಕುಟ್ಟಿ, ಹಲ್ಲಿಲ್ಲದ ತಾಯಿಗೆ ಪುಡಿ ಮಾಡಿ ಕಟ್ಟಿಡುತ್ತಿದ್ದಳು. ಬೀಸುವಾಗ ಹಾಡಿಕೊಳ್ಳುತ್ತಿದ್ದಳು. ವಾರದಲ್ಲಿ ಅವಳ ದನಿ ಹಾಡಾಗಿ ಕೇಳುತ್ತಿದ್ದದ್ದು ಆ ಸಂಜೆ ಒಂದೇ.

ಕೆಲವು ತಿಂಗಳು ಸರಿಯಾಗಿ ನಡೆಯಿತು. ಆಮೇಲೆ ಗಾಡಿ ಸೀನಲು ಶುರುಮಾಡಿತು. ಪೇಟೆಯ ಒಳಗೆ ಗಡಗಡ ಎಂದು ಚೆನ್ನಾಗಿ ಓಡುತ್ತಿದ್ದದ್ದು ತೆರಕಣಾಂಬಿ ದಾಟಿ ಹುಣಸೆಮರಗಳ ಸಾಲಿಗೆ ಬಂದರೆ ಸೊರಗುತ್ತಿತ್ತು. ಏದುಸಿರು ಬಿಟ್ಟು, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಬಾಯಿಂದ ಹಿಂದಕ್ಕೆ 'ಪಟ್' ಎಂದು ಒಮ್ಮೆ ಸೀನಿ, ನಿಂತೇಬಿಡುತ್ತಿತ್ತು. ಎಂಜಿನ್ನು ಮುಟ್ಟಿದರೆ ಬೊಬ್ಬೆ ಏಳುವಷ್ಟು ಕಾದಿರುತ್ತಿತ್ತು. ಅಪ್ಪ ಇಳಿದು ಏನೇನೋ ಮಾಡಿದ ಮೇಲೆ ಮತ್ತೆ ಹೊರಡುತ್ತಿತ್ತು. ಬರುವಾಗಲೂ ಅದೇ ಪಾಡು. ಹೊತ್ತು ಮುಳುಗಿದ ಮೇಲೆ ಮನೆ ಸೇರಿದ ಒಂದು ದಿನ ಅಜ್ಜಿ ಜಗಲಿಯಲ್ಲೇ ಅಪ್ಪನನ್ನು ಹಿಡಿದಳು.

"ಮಾದೇವ, ನಿನ್ ಗಾಡಿ ಒಂಟಿ ಸೀನು ಸೀನ್ತದ ಕಣ್ಲಾ. ಆ ದಾರಿ ಬ್ಯಾಡ ಅಂತ ಬಸವ ಯೋಳ್ತಾವ್ನ. ನಿನ್ಗ ಗೊತ್ತಾಗಾಕಿಲ್ವ?"

"ಅವ್ವ, ಅದು ಕಬ್ಬಿಣ. ಕಬ್ಬಿಣಕ್ಕ ನೆಗಡಿ ಆದ್ದಾ?" ಎಂದ ಅಪ್ಪ.

"ಅಂಗಾರ ಪ್ಯಾಟ ಒಳ್ಗ ಯಾಕ ಸೀನಲ್ಲ? ಬೀಗರ ಊರ್ಗ ಓಗುವಾಗ್ಲೇ ಯಾಕ ಸೀನ್ಬೇಕು? ಯೋಳು ನೋಡನ."

ಅಪ್ಪ ಗಾಡಿಯನ್ನು ಗೊಂತಿನತ್ತ ತಳ್ಳಿಕೊಂಡು ಹೋದ. ಮುಂದೆ ಚಾಮರಾಜನಗರದಲ್ಲಿ ಮೋಟಾರು ಬಿಡಿಭಾಗಗಳ ಅಂಗಡಿ ಇಟ್ಟು ನಾನು ತಲೆ ಹಣ್ಣು ಮಾಡಿಕೊಂಡವಳು. ಈಗ ಹೇಳುತ್ತೇನೆ: ಆ ಗಾಡಿಯ ಬಗ್ಗೆ ಯಾರ್ಯಾರೋ ಕೇಳಿದ ಪ್ರಶ್ನೆಗಳಲ್ಲಿ ಅಜ್ಜಿಯ ಪ್ರಶ್ನೆಯೇ ಸರಿಯಾದ ಪ್ರಶ್ನೆ. ಪೇಟೆಯೊಳಗೆ ಇಲ್ಲದ ರೋಗ ದೂರದ ದಾರಿಯಲ್ಲಿ ಏಕೆ? ಅವಳು ಕಂಡುಕೊಂಡ ಉತ್ತರ ಮಾತ್ರ ಬೇರೆ. ಎದುರಿನವರ ಉತ್ತರ ತಪ್ಪೆಂದು ಅವರ ಪ್ರಶ್ನೆಯನ್ನೂ ಎಸೆಯಬೇಡಿ. ವ್ಯಾಪಾರದಲ್ಲಿ ನನಗೆ ಅನ್ನ ಹಾಕಿದ ಬುದ್ಧಿ ಇದು.

ಅಪ್ಪ ಗಾಡಿಯನ್ನು ಬಸ್ ನಿಲ್ದಾಣದ ಹತ್ತಿರದ ಕೋಯಾ ಮೇಸ್ತ್ರಿಗೆ ತೋರಿಸಿದ. ಘಟ್ಟದ ಆಚೆಯಿಂದ ಬಂದು ನಮ್ಮೂರಲ್ಲಿ ನೆಲೆಸಿದ್ದ ಆತ, ಲಾರಿ ಬಸ್ಸುಗಳ ಸದ್ದು ಕೇಳಿಯೇ ಕಾಯಿಲೆ ಹೇಳುತ್ತೇನೆಂದು ಜಂಬ ಕೊಚ್ಚುವವನು. ನಮ್ಮ ಮನೆಗೇ ಬಂದು ಗೊಂತಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಎಂಜಿನ್ನಿನೊಳಗೆ ಕಿಡಿ ಹಾರಿಸುವ ಪ್ಲಗ್ಗು ಬಿಚ್ಚಿ ಅಂಗೈಯಲ್ಲಿಟ್ಟು ತೋರಿಸಿದ. ಅದರ ಮೂತಿ ಸುಣ್ಣ ಹಚ್ಚಿದಂತೆ ಬೆಳ್ಳಗಿತ್ತು.

"ನೋಡಿ ಸಾವ್ಕಾರ್ರೆ, ಬಿಳಿ. ಕಂದು ಬಣ್ಣ ಇರ್ಬೇಕು. ಇದು ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಮುದ್ದೆ ದೊಡ್ದು, ಸಾರು ಒಂದೇ ಸೌಟು. ಗಂಟ್ಲಲ್ಲಿ ನಿಂತ್ಕೊಳ್ಳಲ್ವ?"

ಹಿಂದೆ ನಿಂತಿದ್ದ ಅಜ್ಜಿ ಬಗ್ಗಿ ಪ್ಲಗ್ಗು ನೋಡಿ ಕಣ್ಣಿಗೊತ್ತಿಕೊಂಡಳು.

"ಒಳ್ಗೂ ಇಬೂತಿ ಬಂದದ ನೋಡ್ಲಾ ಮಾದೇವ!"

ಕೋಯಾ ಹೇಳಿದ ಕಾಯಿಲೆ ಸರಿಯಾಗಿಯೇ ಇತ್ತು. ದಾರಿಯಲ್ಲಿ ಗಾಡಿ ಸೊರಗುವಾಗ ಅಪ್ಪ ಹ್ಯಾಂಡಲಿನ ಗಾಳಿ ಕಡ್ಡಿ ಎಳೆದು ಗಾಳಿ ಕಡಿಮೆ ಮಾಡಿದರೆ ಒಂದಷ್ಟು ದೂರ ಜೀವ ಹಿಡಿಯುತ್ತಿತ್ತು. ಅದೂ ಅದಕ್ಕೇ ಸಾಕ್ಷಿ. ಪೆಟ್ರೋಲು ಕಡಿಮೆಯಾಗುತ್ತಿರುವುದು ಎಲ್ಲಿ ಎನ್ನುವುದು ಮಾತ್ರ ಆತನಿಗೆ ಸಿಗಲಿಲ್ಲ. ಕಾರ್ಬೊರೇಟರ್ ಬಿಚ್ಚಿ, ಪೆಟ್ರೋಲು ಸೂಸುವ ಸಣ್ಣ ತೂತಿನ ಜೆಟ್ಟು ಊದಿದ. ಎಂಜಿನ್ನಿಗೂ ಕಾರ್ಬೊರೇಟರಿಗೂ ನಡುವಿನ ಜೋಡಣೆಯಲ್ಲಿ ಗಾಳಿ ಸೇರುತ್ತಿದೆಯೇ ಎಂದು ಸೋಪು ನೀರು ಸವರಿ ನೋಡಿದ. ಪೆಟ್ರೋಲ್ ಕೊಳವೆ ತೊಳೆದ. ಕೊನೆಗೆ ದೊಡ್ಡ ತೂತಿನ ಜೆಟ್ಟು ಹಾಕಿದ. ಓಡಿಸಿ ನೋಡುವ ಮೊದಲು ಪ್ರತಿ ಸಲವೂ ಟ್ಯಾಂಕಿನ ಮುಚ್ಚಳ ತಿರುಗಿಸಿ, ಗಾಡಿ ಅಲ್ಲಾಡಿಸಿ, ಪೆಟ್ರೋಲ್ ಎಷ್ಟಿದೆ ಎಂದು ಇಣುಕುತ್ತಿದ್ದ. ಊಟಿ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದು 'ಫಸ್ಟ್ ಕ್ಲಾಸ್' ಅನ್ನುತ್ತಿದ್ದ. ಬುಧವಾರ ಹುಣಸೆಸಾಲಿನಲ್ಲಿ ಗಾಡಿ ಮತ್ತೆ ನಿಲ್ಲುತ್ತಿತ್ತು. ದೊಡ್ಡ ಜೆಟ್ಟು ಹಾಕಿದ ಮೇಲೆ ಪೇಟೆಯಲ್ಲಿ ಕಪ್ಪು ಹೊಗೆ, ದಾರಿಯಲ್ಲಿ ಅದೇ ಒಂಟಿ ಸೀನು.

ಅಜ್ಜಿ ತೀರ್ಪು ಕೊಟ್ಟಳು. ನಮ್ಮ ತಾಲ್ಲೂಕಿನ ಕಾಡಂಚಿನ ಮದ್ದೂರು ಕಡೆ ಬಿದಿರು ಕಡಿಸುವ ಕಂಟ್ರಾಕ್ಟರು ಒಬ್ಬರು ಗಾಡಿಯ ಮೇಲೆ ಕಣ್ಣಿಟ್ಟಿದ್ದರು. ಗುರುವಾರ ಬೆಳಿಗ್ಗೆ ಬಂದು ತೆಗೆದುಕೊಂಡು ಹೋಗಲಿ ಎಂದು ಅಜ್ಜಿಯೇ ಹೇಳಿಕಳಿಸಿದಳು. ಅಪ್ಪ ಒಪ್ಪಿಕೊಂಡ. ದಾರಿಯಲ್ಲಿ ಹೆಂಡತಿ ಮಗಳನ್ನು ಕೂರಿಸಿಕೊಂಡು ನಿಲ್ಲುವುದು ಅವನಿಗೂ ಸಾಕಾಗಿತ್ತು. ಅವ್ವ ಮಂಗಳವಾರ ಸಂಜೆ ಹುರಿಗಡಲೆ ಬೀಸಿದಳು. ಹಾಡಲಿಲ್ಲ.

ಆ ಸಂಜೆ ಅಂಗಡಿಗೆ ಹೊಸ ಎಣ್ಣೆ ಡಬ್ಬ ಬಂದಿತ್ತು. ಚೌಕದ ಡಬ್ಬ, ಕಡಲೆಕಾಯಿ ಎಣ್ಣೆ. ಅಪ್ಪ ಗಿರಾಕಿಗಳ ಜೊತೆ ಇದ್ದುದರಿಂದ ಅವ್ವ ಮೊಳೆ ಸುತ್ತಿಗೆ ಹಿಡಿದು ಡಬ್ಬದ ಒಂದು ಮೂಲೆಗೆ ತೂತು ಹೊಡೆದಳು. ನಾನು ಪಾತ್ರೆ ಹಿಡಿದಿದ್ದೆ. ನನ್ನ ತಲೆಯಲ್ಲಿ ಹಿಂದಿನ ಬುಧವಾರದ್ದೇ ಸುತ್ತುತ್ತಿತ್ತು. ಗಾಡಿ ನಿಂತಾಗಲೆಲ್ಲ ಅಪ್ಪ ಒಂದೊಂದು ಸಲ ಒಂದೊಂದು ಮದ್ದು ಮಾಡುತ್ತಿದ್ದ. ಒಮ್ಮೆ ಪ್ಲಗ್ಗು ಒರೆಸುವುದು, ಒಮ್ಮೆ ಜೆಟ್ಟು ಊದುವುದು, ಇನ್ನೊಮ್ಮೆ ಸಿಟ್ಟು ಬಂದು ಸುಮ್ಮನೆ ಒದೆಯುವುದು. ಎಲ್ಲ ಮದ್ದಿಗೂ ಗಾಡಿ ಏಳುತ್ತಿತ್ತು. ನನಗೆ ಅದು ಸರಿಕಾಣಲಿಲ್ಲ. ಹತ್ತು ವೈದ್ಯರು ಹತ್ತು ಮದ್ದು ಕೊಟ್ಟು ಹತ್ತರಲ್ಲೂ ವಾಸಿಯಾದರೆ, ವಾಸಿ ಮಾಡಿದ್ದು ಮದ್ದಲ್ಲ. ಮದ್ದಿಗಿಂತ ಮುಂಚೆ ಎಲ್ಲರೂ ಮಾಡಿದ ಇನ್ನೇನೋ ಇದೆ. ಅಪ್ಪ ಏನೇ ಮಾಡುವ ಮೊದಲೂ ಪೆಟ್ರೋಲ್ ಇದೆಯೇ ಎಂದು ಮುಚ್ಚಳ ತಿರುಗಿಸುತ್ತಿದ್ದ. ಸೈಡ್ ಕಾರಿನಲ್ಲಿ ಅವ್ವನ ತೊಡೆ ಏರಿ ಕೂತರೆ ನನ್ನ ಕಿವಿ ಟ್ಯಾಂಕಿನ ಎತ್ತರಕ್ಕೇ ಬರುತ್ತಿತ್ತು. ಹಾಗಾಗಿ ನನಗೆ ಕೇಳಿದ್ದು ಬೇರೆ ಯಾರಿಗೂ ಕೇಳಿರಲಿಲ್ಲ.

"ಅವ್ವ, ಅಪ್ಪ ಮುಚ್ಳ ತಿರುವ್ದಾಗ ಟ್ಯಾಂಕು ಉಸ್ಸಂತದ."

"ಏನಂದಮ್ಮಿ?"

"ಉಸ್ಸಂತದ. ಒಳ್ಕ ಉಸ್ರು ಎಳ್ಕಂಡಂಗ."

ಅವ್ವ ಡಬ್ಬ ಬಗ್ಗಿಸಿದಳು. ಎಣ್ಣೆ ಗುಳುಗುಳು ಎಂದು ಒಂದಿಷ್ಟು ಬಂದು, ಬಿಕ್ಕಿ ಬಿಕ್ಕಿ ನಿಂತಿತು. ಇನ್ನೊಂದು ಮೂಲೆಗೆ ಮೊಳೆ ಇಟ್ಟು ಸುತ್ತಿಗೆ ಎತ್ತಿದವಳು ಹಾಗೇ ತಡೆದಳು. ನನ್ನ ಮುಖ ನೋಡಿದಳು. ಏಟು ಹಾಕಿದಳು, ಎಣ್ಣೆ ದಾರದಂತೆ ಇಳಿಯಿತು. ಆ ಎರಡನೇ ತೂತಿನ ಮೇಲೆ ಹೆಬ್ಬೆರಳು ಒತ್ತಿದಳು, ದಾರ ಕಡಿಯಿತು. ಬೆರಳು ತೆಗೆದಳು, ಇಳಿಯಿತು. ಒತ್ತಿದಳು, ನಿಂತಿತು. ಆಮೇಲೆ ಇಬ್ಬರೂ ಗೊಂತಿನ ಹತ್ತಿರ ಹೋದೆವು. ಟ್ಯಾಂಕಿಗೆ ಪೆಟ್ರೋಲು ಇಳಿಯುವ ತೂತು ಕೆಳಗಿದೆ. ಗಾಳಿ ಒಳಗೆ ಹೋಗುವ ತೂತು ಎಲ್ಲಿ? ಮುಚ್ಚಳದ ಮೇಲೆ ಎಲ್ಲಿಯೂ ಕಾಣಲಿಲ್ಲ. ಕಂಡದ್ದು ಅಂಚಿನಿಂದ ಅಂಚಿಗೆ ಅಜ್ಜಿಯ ಮೂರು ಪಟ್ಟೆ, ಹಿಂದಿನ ದಿನವಷ್ಟೇ ಎಳೆದದ್ದು. ನಾನು ತಲೆಯ ಪಿನ್ನು ಕಿತ್ತು ಕೆರೆಯಲು ಹೋದೆ. ಅವ್ವ ಕೈ ಹಿಡಿದಳು.

"ಬ್ಯಾಡ. ಕೆರೆದ್ರ ಸೋಮಾರ ಮತ್ತ ಹಚ್ತಾರ. ಯಾರು ಕೆರ್ದೋರು ಅಂತ ಬ್ಯಾರ ಆಯ್ತದ. ಮೊದ್ಲು ನಿಜ ಏನು ಅಂತ ನೋಡನ."

ನನ್ನ ತಾಯಿ ಓದಿದವಳಲ್ಲ. ಕೇಡು ಎಲ್ಲಿದೆ ಎಂದು ಅನುಮಾನ ಬಂದ ಮೇಲೂ ಕೈ ತಡೆದು ಪರೀಕ್ಷೆಗೆ ಕಾಯುವುದನ್ನು ನಾನು ಕಲಿತದ್ದು ಅಲ್ಲಿ. ಈಗಲೂ ಅಂಗಡಿಗೆ ಬಂದವರಿಗೆ ಹೇಳುತ್ತೇನೆ: ಒಂದೇ ಸಲ ಒಂದೇ ಕೆಲಸ ಮಾಡಿ, ಫಲ ನೋಡಿ, ಆಮೇಲೆ ಇನ್ನೊಂದು. ಎಲ್ಲವನ್ನೂ ಒಟ್ಟಿಗೆ ಬಿಚ್ಚುವವನಿಗೆ ಗಾಡಿ ಓಡಿದರೂ ಏಕೆ ಓಡಿತೆಂದು ಗೊತ್ತಾಗುವುದಿಲ್ಲ.

ಬುಧವಾರ ಹುಣಸೆಸಾಲಿನಲ್ಲಿ ಗಾಡಿ ಎಂದಿನಂತೆ ಏದಿತು, ಸೀನಿತು, ನಿಂತಿತು. ಅಪ್ಪ ಇಳಿದು ಸಾಮಾನಿನ ಚೀಲಕ್ಕೆ ಕೈ ಹಾಕಿದ. ಅವ್ವ ಸೈಡ್ ಕಾರಿನಿಂದಲೇ ಅಂದಳು:

"ಏನೂ ಬಿಚ್ಬೇಡಿ. ಮುಚ್ಳ ತಗ್ದು, ಅಂಗೇ ಹಾಕಿ, ಒದ್ದು ನೋಡಿ."

"ಏನು, ನೀನು ಯಾವಾಗಿಂದ ಮೇಸ್ತ್ರಿ ಆದ?"

"ಒಂದ್ಸಲ ನಾನು ಯೋಳ್ದಂಗ ಕೇಳಿ."

ಅಪ್ಪ ನಗುತ್ತಲೇ ಮುಚ್ಚಳ ತಿರುಗಿಸಿದ. ಟ್ಯಾಂಕು ಉಸ್ಸೆಂದಿತು. ಈ ಸಲ ಮೂವರಿಗೂ ಕೇಳಿಸಿತು. ಅಪ್ಪನ ನಗು ನಿಂತಿತು. ಮುಚ್ಚಳ ಹಾಕಿ ಒದ್ದ, ಗಾಡಿ ಎದ್ದಿತು. ಪ್ಲಗ್ಗು ಒರೆಸಿರಲಿಲ್ಲ, ಜೆಟ್ಟು ಊದಿರಲಿಲ್ಲ. ಗಾಳಿ ಒಳಗೆ ಹೋಗದ ಟ್ಯಾಂಕಿನಿಂದ ಪೆಟ್ರೋಲು ಪೇಟೆಯ ಚಿಕ್ಕ ಓಡಾಟಕ್ಕೆ ಸಾಕಾಗುವಷ್ಟು ಇಳಿದು, ದೂರದ ದಾರಿಯಲ್ಲಿ ಡಬ್ಬದ ಎಣ್ಣೆಯಂತೆ ಬಿಕ್ಕಿ ನಿಲ್ಲುತ್ತಿತ್ತು. ಅವ್ವ ಇಳಿದು ಹೋಗಿ ಮುಚ್ಚಳವನ್ನು ಅರ್ಧ ತಿರುವು ಸಡಿಲ ಮಾಡಿ ಸುತ್ತ ಬಟ್ಟೆ ಕಟ್ಟಿದಳು. ಉಡಿಗಾಲಕ್ಕೆ ಹೋಗುವವರೆಗೂ, ಅಲ್ಲಿಂದ ಮನೆಗೆ ಬರುವವರೆಗೂ ಒಂದು ಸೀನಿಲ್ಲ. ಹೊತ್ತಿರುವಾಗಲೇ ಊರು ಸೇರಿದೆವು. ಆದರೆ ಊರು ಹತ್ತಿರವಾದಂತೆ ಅಪ್ಪ ಅವ್ವ ಇಬ್ಬರ ಮುಖವೂ ಬಾಡಿತು. ರೋಗ ಸಿಕ್ಕಿತು ಸರಿ. ನಿಮ್ಮ ವಿಭೂತಿಯೇ ರೋಗ ಎಂದು ಅಜ್ಜಿಗೆ ಹೇಳುವವರು ಯಾರು? ಸೊಸೆ ಹೇಳಿದರೆ ಮನೆಯೇ ಎರಡಾಗುತ್ತದೆ. ಮಗ ಹೇಳಿದರೆ ಸೊಸೆ ಹೇಳಿಕೊಟ್ಟಳು ಅನ್ನುತ್ತಾಳೆ. ಬೆಳಗಾದರೆ ಕಂಟ್ರಾಕ್ಟರು ಬರುತ್ತಾರೆ. ನಾನು ಹೇಳ್ತೀನಿ ಅಂದೆ. ಅವರಿಬ್ಬರೂ ಬೇಡ ಅನ್ನಲಿಲ್ಲ.

ಅಜ್ಜಿ ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ನಾನೂ ಒಂದು ಹಿಡಿ ಎಳೆದುಕೊಂಡು ಬಿಡಿಸತೊಡಗಿದೆ. ಬರಿಗೈಯಲ್ಲಿ ಹೋಗಿ ಎದುರು ನಿಂತು ಮಾತು ತೆಗೆಯಬಾರದು. ಅವರು ಮಾಡುತ್ತಿರುವ ಕೆಲಸಕ್ಕೆ ಕೈ ಹಾಕಿ, ಆಮೇಲೆ ಬಾಯಿ ತೆಗೆಯಬೇಕು.

"ಅಜ್ಜಿ, ಎತ್ತಿಗ ಇಬೂತಿ ಎಲ್ಲಿಗ ಹಚ್ತಿದ್ದ?"

"ಹಣೆಗ ಕಣಮ್ಮಿ. ಇನ್ನೆಲ್ಲಿಗ, ಬಾಲಕ್ಕಾ?"

"ಗಾಡಿಗ?"

"ಅದ್ಕೂ ಹಣೆಗೇ."

"ಅದು ಹಣೆ ಅಲ್ಲ ಅಜ್ಜಿ, ಬಾಯಿ. ಪೆಟ್ರೋಲ್ ಕುಡಿಯಾದು ಅಲ್ಲಿಂದ್ಲೇ ಅಲ್ವಾ? ಕಣ್ಣು ಮುಂದ್ಗಡ ಅದ, ದೀಪ. ಹಣೆ ಅಂದ್ರ ಕಣ್ಣಿನ ಮೇಲ್ಗಡ. ಬಸವನ ಬಾಯ್ಗ ಯಾರಾದ್ರೂ ಇಬೂತಿ ಮೆತ್ತಾರಾ?"

ಅಜ್ಜಿಯ ಕೈಯಲ್ಲಿದ್ದ ಅವರೆಕಾಯಿ ಸಿಡಿದು ಕಾಳು ಅಂಗಳಕ್ಕೆ ಹಾರಿತು. ಅವಳು ಎದ್ದಳು. ಗೊಂತಿನ ಹತ್ತಿರ ಹೋಗಿ ಗಾಡಿಯನ್ನು ಮುಂದಿನಿಂದ ನೋಡಿದಳು, ಬಗ್ಗಿ ದೀಪವನ್ನು ನೋಡಿದಳು, ಮುಚ್ಚಳಕ್ಕೆ ಕಟ್ಟಿದ್ದ ಬಟ್ಟೆ ನೋಡಿದಳು. ನನ್ನ ಅಜ್ಜಿಯನ್ನು ಪೆದ್ದಿ ಎಂದುಕೊಂಡಿದ್ದರೆ ಅದು ನಾನು ಸರಿಯಾಗಿ ಹೇಳದ್ದರಿಂದ. ಊರಿನ ಯಾವ ಸಾಹುಕಾರನೂ ಅವಳ ಮುಂದೆ ಹೆಚ್ಚು ಹೊತ್ತು ಸುಳ್ಳು ಹೇಳಿ ಉಳಿದಿರಲಿಲ್ಲ.

"ಉಸ್ರು ಕಟ್ತಿತ್ತಾ ಅದ್ಕ?"

ನಾನು ಎಣ್ಣೆ ಡಬ್ಬ ತಂದು ತೋರಿಸಲು ಓಡುವವಳಿದ್ದೆ. ಅವಳು ತಡೆದಳು.

"ಡಬ್ಬ ತೋರಿಸ್ಬ್ಯಾಡ. ನಾನು ಎಣ್ಣೆ ಬಗ್ಗಿಸ್ದೋಳೇ. ದೂರ ಓದಾಗ್ಲೇ ನಿಲ್ತಿದ್ದು ಅದ್ಕೇಯಾ... ನಿಮ್ಮವ್ವಗ ಗೊತ್ತಾ?"

ನಾನು ಮುಚ್ಚಳದ ಬಟ್ಟೆಯ ಗಂಟು ಬಿಚ್ಚತೊಡಗಿದೆ.

"ಗೊತ್ತು. ಗೊತ್ತಿದ್ರೂ ಬಾಯಿ ಬುಡ್ಲಿಲ್ಲ." ಹಾಗೆಂದು ಅಜ್ಜಿ ಅಡುಗೆಮನೆಯ ಕಡೆ ನೋಡಿದಳು. ಆಮೇಲೆ ಬಿಸಿನೀರು ತರಿಸಿ, ಸೀಗೆಪುಡಿ ಹಾಕಿ, ತನ್ನ ಕೈಯಾರೆ ಮುಚ್ಚಳ ನೆನೆಸಿ ಉಜ್ಜಿದಳು. ವಾರಗಟ್ಟಲೆಯ ಪಟ್ಟೆಗಳು ಹಕ್ಕಳೆಯಾಗಿ ಎದ್ದು ಬಂದವು. ನಡುವೆ ಸಾಸಿವೆ ಕಾಳಿನಷ್ಟು ತೂತು ಕಾಣಿಸಿತು. ಪೊರಕೆಯ ಕಡ್ಡಿ ಮುರಿದು ಅದರೊಳಗೆ ಆಡಿಸಿ, ತುಟಿಗಿಟ್ಟು ಊದಿ, ಗಾಳಿ ಅತ್ತ ಕಡೆ ಬಂತೇ ಎಂದು ನನ್ನ ಕೆನ್ನೆಗೆ ಹಿಡಿದು ಕೇಳಿದಳು. ಬಂತು ಅಂದೆ.

ಗುರುವಾರ ಕಂಟ್ರಾಕ್ಟರು ಬಂದಾಗ ಅಜ್ಜಿ ಅವರಿಗೆ ಮಜ್ಜಿಗೆ ಕೊಟ್ಟು, ಗೊಂತಿನಲ್ಲಿರೋ ಬಸವನ್ನ ನಮ್ಮ ಮನೇಲಿ ಮಾರಾಕಿಲ್ಲ ಎಂದು ಕಳಿಸಿಬಿಟ್ಟಳು. ತಾನೇ ಹೇಳಿಕಳಿಸಿದ್ದು ತನಗೆ ನೆನಪೇ ಇಲ್ಲವೆಂಬಂತೆ. ಆದರೆ ಪುಕ್ಕಟೆಯಾಗಿ ಏನನ್ನೂ ಬಿಟ್ಟುಕೊಡುವ ಜೀವ ಅದಲ್ಲ. ಹೊರಟವರ ಬೆನ್ನು ಮರೆಯಾದ ಕೂಡಲೇ ತನ್ನ ಷರತ್ತು ಇಟ್ಟಳು.

"ದೀಪದ್ಮ್ಯಾಲೇ ಹಚ್ತೀನಿ. ಆದ್ರ ಮೊದ್ಲ ಸವಾರಿ ನಂದು. ಬರಾ ಬುಧವಾರ ನಾನೂ ಉಡಿಗಾಲಕ್ಕ ಬತ್ತೀನಿ. ನಿಲ್ತದೋ ಇಲ್ವೋ ನಾನೇ ನೋಡ್ಬೇಕು."

"ಸೈಡ್ ಕಾರ್ನಲ್ಲಿ ನೀವು ಕೂತ್ರ ನಾನು ಎಲ್ಲಿ ಕೂರ್ಲಿ ಅತ್ತ?" ಎಂದಳು ಅವ್ವ.

"ಗಂಡನ ಹಿಂದ್ಗಡ ಕೂತ್ಕ. ಊರೋರು ನೋಡ್ಲಿ ಬುಡು, ಅವ್ರ ಕಣ್ಣು ಸವೆದೋದದಾ?"

ಚೌಕಾಸಿ ಗೆದ್ದ ಖುಷಿಯಲ್ಲಿ ನಾನೊಂದು ಮರೆತಿದ್ದೆ. ಅಜ್ಜಿಯ ಮೈ ದೊಡ್ಡದು, ಸೈಡ್ ಕಾರಿನಲ್ಲಿ ಇನ್ನೊಬ್ಬರಿಗೆ ಜಾಗವಿಲ್ಲ. ಬುಧವಾರ ನಾನು ಅಂಗಡಿಯ ಮೆಟ್ಟಿಲ ಮೇಲೆ ಉಳಿದೆ. ಒಪ್ಪಂದ ಮುಗಿಸುವ ಮೊದಲು ಅದರಲ್ಲಿ ನಿಮ್ಮ ಜಾಗ ಎಲ್ಲಿ ಎಂದು ಕೇಳಿಕೊಳ್ಳಿ. ಎಲ್ಲರ ಪರವಾಗಿ ಮಾತಾಡುವವರನ್ನು ಎಲ್ಲರೂ ಮೊದಲು ಮರೆಯುತ್ತಾರೆ. ದೀಪದ ಮೇಲೆ ಹೊಸ ಪಟ್ಟೆ, ಸೈಡ್ ಕಾರು ತುಂಬ ಅಜ್ಜಿ, ಹಿಂದೆ ಸೆರಗು ಬಿಗಿಯಾಗಿ ಹೊದ್ದು ಅಪ್ಪನ ಹೆಗಲು ಹಿಡಿದ ಅವ್ವ. ಬೀದಿಯ ಬಾಗಿಲುಗಳೆಲ್ಲ ತೆರೆದು ನೋಡಿದವು. ಕೋಯಾ ಮೇಸ್ತ್ರಿ ರಸ್ತೆಗೇ ಬಂದು ಸಲಾಮು ಹೊಡೆದ. ಗಾಡಿಯ ಸದ್ದು ತೆರಕಣಾಂಬಿ ರಸ್ತೆಗೆ ತಿರುಗುವವರೆಗೆ ಕೇಳಿಸಿಕೊಂಡೆ. ಒಂದೇ ಸಮನೆ ಇತ್ತು.

ಸಂಜೆಗೆ ಮುಂಚೆಯೇ ಬಂದರು. ಹಿಂದಿನ ಸೀಟು ಖಾಲಿ. ನಾನು ಮೆಟ್ಟಿಲಿಳಿದು ಓಡಿದೆ. ಅಪ್ಪ ಗಾಡಿ ಒಳಗೆ ತಳ್ಳುತ್ತಾ, ಒಂದು ಸಲವೂ ನಿಲ್ಲಲಿಲ್ಲ ಎಂದು ಮೊದಲು ಹೇಳಿದ. ಆಮೇಲೆ, ಅಜ್ಜಿ ಉಡಿಗಾಲದಲ್ಲಿ ಬೀಗಿತ್ತಿಯ ಮಂಚದ ಪಕ್ಕ ಕೂತು ತಾನೇ ಗಂಜಿ ಕುಡಿಸಿದಳೆಂದೂ, ಹೊರಡುವಾಗ ಹೊಸಿಲಿನ ತನಕ ಬಂದ ಅವ್ವನನ್ನು, ನಿಮ್ಮವ್ವನ ಜೊತ ಇರು ಎಂದು ಗಾಡಿ ಹತ್ತಗೊಡಲಿಲ್ಲವೆಂದೂ ಹೇಳಿದ. ಅಜ್ಜಿ ಕೈಕಾಲು ತೊಳೆದು, ನೇರ ಅಡುಗೆಮನೆಗೆ ಹೋಗಿ ಒಲೆಯ ಬೂದಿ ಎಳೆದು, ಮುದ್ದೆಗೆ ಎಸರಿಟ್ಟಳು. ನನಗೆ ನೆನಪಿರುವ ಹಾಗೆ ಅವಳು ಆ ಒಲೆಯ ಮುಂದೆ ಕೂತದ್ದು ಅದೇ ಮೊದಲು.

"ಅವ್ವ ಯಾವತ್ತು ಬತ್ತದ ಅಜ್ಜಿ?"

ಅಜ್ಜಿ ರಾಗಿ ಹಿಟ್ಟಿನ ಮಡಕೆಗೆ ಕೈ ಹಾಕುತ್ತಾ, ನನ್ನ ಕಡೆ ತಿರುಗದೆ ಹೇಳಿದಳು:

"ಅದ್ನ ಅವಳೇ ಯೋಳ್ಬೇಕು ಕಣಮ್ಮಿ. ನಾನ್ಯಾರು?"